ದುಬೈನಲ್ಲಿ ಹತ್ತಿಯ ಮಾತು

ಬೀಜ, ಗೊಬ್ಬರ, ಔಷಧಿಯ ಅಂಗಡಿ ಇಟ್ಟವರ ಮನೆಗೆ ಆಗಾಗ ಒಂದು ಪ್ರವಾಸ ತಾನಾಗಿಯೇ ಬರುತ್ತದೆ. ಇಷ್ಟು ಬೀಜ ಮಾರಿಕೊಡಿ ಎಂದು ಕಂಪನಿಯವರು ಟಾರ್ಗೆಟ್ ಹಾಕಿಕೊಡುತ್ತಾರೆ. ಅದನ್ನು ಮುಟ್ಟಿದ ಅಂಗಡಿಯವರನ್ನೆಲ್ಲ ಒಟ್ಟುಗೂಡಿಸಿ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಹಿರೇಕೆರೂರಿನ ನಮ್ಮ ಅಂಗಡಿಯಿಂದ ನಮ್ಮ ಮನೆಯವರು ಹೀಗೆ ಗೋವಾಕ್ಕೆ ಹೋಗಿದ್ದರು, ಕೇರಳಕ್ಕೆ ಹೋಗಿದ್ದರು, ಒಮ್ಮೆ ಬ್ಯಾಂಕಾಕಿಗೂ ಹೋಗಿ ಬಂದಿದ್ದರು. ಬರುವಾಗ ಮಕ್ಕಳಿಗೆ ಚಾಕಲೇಟು, ಅತ್ತೆಗೆ ಶಾಲು, ನನಗೊಂದು ಪರ್ಸು. ಏನೇನು ನೋಡಿದಿರಿ ಎಂದು ಕೇಳಿದರೆ "ಚಲೋ ಇತ್ತು" ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು.

ಹೋದ ವರ್ಷ ಗೋವಿನಜೋಳದ ಬೀಜ ಚೆನ್ನಾಗಿ ಹೋಯಿತು. ಒಂದು ದಿನ ಊಟಕ್ಕೆ ಕೂತಾಗ ಅವರು ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ, "ಈ ಸಲ ದುಬೈ ಅಂತ. ಹೆಂಡ್ರನ್ನೂ ಕರ್ಕೊಂಡು ಬರ್ರಿ ಅಂದಾರ" ಎಂದರು.

"ಯಾರ ಹೆಂಡ್ರನ್ನ?" ಎಂದು ಅತ್ತೆ ಕೇಳಿದರು.

"ಎಲ್ಲಾರ ಹೆಂಡ್ರನ್ನ."

ಅತ್ತೆ ರೊಟ್ಟಿಯ ಬುಟ್ಟಿ ಪಕ್ಕಕ್ಕೆ ಸರಿಸಿದರು. "ಹಂಗಂದ್ರ ಇಕೀನೂ ಹೋಗಬೇಕಾತು" ಎಂದರು, ನನ್ನನ್ನು ದವಾಖಾನೆಗೆ ಸೇರಿಸುವ ಮಾತಾಡುತ್ತಿದ್ದಾರೇನೋ ಎಂಬ ದನಿಯಲ್ಲಿ. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಒಲೆಯ ಹತ್ತಿರದಿಂದಲೇ ನನ್ನ ಕಡೆ ನೋಡಿ ಕಣ್ಣರಳಿಸಿದಳು. ನಾನು ಎದ್ದು ಸಾರು ತರಲು ಹೋದೆ. ಸಾರಿನ ಬದಲು ಮಜ್ಜಿಗೆಯ ಪಾತ್ರೆ ತಂದೆ. ಖುಷಿಗೋ ಹೆದರಿಕೆಗೋ ಈಗಲೂ ಹೇಳಲಾರೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನ ಅಂಗಡಿಯವರು ಒಂದು ಬಸ್ಸಾಗುವಷ್ಟು ಇದ್ದೆವು. ಗಂಡಸರಿಗೆಲ್ಲ ಒಬ್ಬರಿಗೊಬ್ಬರ ಪರಿಚಯ. ಹೆಂಗಸರು ಒಬ್ಬರ ಸೀರೆ ಒಬ್ಬರು ನೋಡಿಕೊಂಡು ನಗುವಷ್ಟಕ್ಕೆ ಸುಮ್ಮನಾಗಿದ್ದೆವು. ಎಲ್ಲರ ಚೀಲದಲ್ಲೂ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ವಿಮಾನದಲ್ಲಿ ಮುಂದಿನ ಸೀಟಿನಿಂದ ಗುರೆಳ್ಳಿನ ವಾಸನೆ ಬಂದಾಗ ನನಗೆ ಧೈರ್ಯ ಬಂದಂತಾಯಿತು.

ಹೋಟೆಲಿನಲ್ಲಿ ನಮ್ಮ ಕೋಣೆಯ ಬಾಗಿಲು ಹಾಕಿಕೊಂಡಾಗ ಒಂದು ವಿಚಿತ್ರ ನನಗೆ ಹೊಳೆಯಿತು. ಮದುವೆಯಾಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಅಷ್ಟು ದಿನ ನಾವಿಬ್ಬರೂ ಆಡಿದ ಮಾತನ್ನೆಲ್ಲ ಇನ್ನೊಬ್ಬರು ಯಾರಾದರೂ ಕೇಳಿಸಿಕೊಳ್ಳುತ್ತಲೇ ಇದ್ದರು. ಪಕ್ಕದ ಕೋಣೆಯಲ್ಲಿ ಅತ್ತೆ, ಪಡಸಾಲೆಯಲ್ಲಿ ಮೈದುನ, ಮಗ್ಗುಲಲ್ಲಿ ಮಕ್ಕಳು. ಇಲ್ಲಿ ಯಾರೂ ಇಲ್ಲ. ಅವರು ಗೋಡೆಯ ಮೇಲಿನ ಸ್ವಿಚ್ಚುಗಳನ್ನೆಲ್ಲ ಒತ್ತಿ ನೋಡಿದರು. ಪರದೆ ತಾನಾಗಿಯೇ ಸರಿದು ಕಿಟಕಿಯ ಆಚೆ ಗಾಜಿನ ಕಟ್ಟಡಗಳು ಕಂಡವು.

"ಎಷ್ಟು ಎತ್ತರ ಅದಾವಲ್ಲ" ಎಂದರು.

"ಹೌದ್ರಿ" ಎಂದೆ.

 ಅವರು ಟಿವಿ ಹಚ್ಚಿದರು.

ಮರುದಿನ ಮುಂಜಾನೆ ನಾಷ್ಟಾದ ಹಾಲ್‌ನಲ್ಲಿ ನಮ್ಮ ಗುಂಪು ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಿತು. ಉದ್ದಕ್ಕೂ ಪಾತ್ರೆಗಳು. ಯಾವುದರಲ್ಲಿ ಏನಿದೆಯೋ ಗೊತ್ತಾಗುವಂತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಂಸ ಮುಟ್ಟದವರು. ನಮ್ಮ ಮನೆಯವರು ಎರಡು ಬಾಳೆಹಣ್ಣು ತಗೊಂಡು ಕೂತುಬಿಟ್ಟರು. ನನಗೆ ಹಸಿವಾಗಿತ್ತು. ಬಿಳಿ ಟೋಪಿ ಹಾಕಿಕೊಂಡು ಬಡಿಸುತ್ತಿದ್ದವನ ಹತ್ತಿರ ಹೋಗಿ, ಒಂದು ಪಾತ್ರೆ ತೋರಿಸಿ, "ಭಾಯಿ, ಇಸ್‌ಮೆ ಗೋಷ್ ಹೈ ಕ್ಯಾ?" ಎಂದು ಕೇಳಿದೆ.

ಅವನು ನಕ್ಕು ಹಿಂದಿಯಲ್ಲೇ, ಇಲ್ಲಕ್ಕಾ, ಬರೀ ಆಲೂಗಡ್ಡೆ ಎಂದ. ಇದು ಕಡಲೆಕಾಳು, ಇದು ಬೇಡ, ಇದರಲ್ಲಿ ಕೋಳಿ ಇದೆ ಎಂದು ಒಂದೊಂದೇ ಮುಚ್ಚಳ ತೆಗೆದು ತೋರಿಸಿದ. ನಾನೂ ಅವನೂ ಮಾತಾಡುತ್ತ ಆ ಸಾಲು ಮುಗಿಸುವಷ್ಟರಲ್ಲಿ ನಮ್ಮ ಹೆಂಗಸರೆಲ್ಲ ನನ್ನ ಬೆನ್ನಿಗಿದ್ದರು. "ಅಕ್ಕಾರ, ಅದರಾಗ ತತ್ತಿ ಐತೇನು ಕೇಳ್ರಿ." "ಈ ಹಾಲು ಸಕ್ಕರಿ ಹಾಕಿದ್ದೇನು ಕೇಳ್ರಿ." ನಾನು ಕೇಳುತ್ತ ಹೋದೆ. ತಟ್ಟೆ ತುಂಬಿಸಿಕೊಂಡು ಮೇಜಿಗೆ ಬಂದಾಗ ನಮ್ಮ ಮನೆಯವರು ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. 

ನನ್ನ ತವರು ಸವಣೂರು. ನಮ್ಮ ಓಣಿಯಲ್ಲಿ ಅರ್ಧ ಮನೆಗಳಲ್ಲಿ ಉರ್ದು ಮಾತು. ಹುಟ್ಟಿದಾಗಿನಿಂದ ಎರಡೂ ಭಾಷೆ ಕಿವಿಗೆ ಬಿದ್ದದ್ದರಿಂದ ಯಾವುದನ್ನು ಯಾವಾಗ ಕಲಿತೆ ಎಂದು ನನಗೂ ಗೊತ್ತಿಲ್ಲ. ಹಿರೇಕೆರೂರಿಗೆ ಬಂದ ಮೇಲೆ ಉರ್ದುವಿನ ಕೆಲಸ ಬೀಳಲಿಲ್ಲ. ಮನೆಯವರಿಗಂತೂ ಹಿಂದಿ ಎಂದರೆ ಟಿವಿಯಲ್ಲಿ ಕೇಳಿ ಅರ್ಧ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

ಆ ದಿನ ಪೂರ್ತಿ ನಾನೇ ಗುಂಪಿನ ಬಾಯಿಯಾದೆ. ಬಸ್ಸಿನ ಚಾಲಕ, ಟಿಕೆಟು ಕೊಡುವವನು, ನೀರಿನ ಬಾಟಲಿ ಮಾರುವವನು, ಎಲ್ಲರೂ ಹಿಂದಿಯನ್ನೋ ಉರ್ದುವನ್ನೋ ಆಡುವವರು. ಇಷ್ಟು ದೊಡ್ಡ ಊರನ್ನು ನಡೆಸುವವರು ನಮ್ಮಂಥವರೇ ಎಂದು ಮೊದಲು ಆಶ್ಚರ್ಯವಾಯಿತು, ಆಮೇಲೆ ಅಭ್ಯಾಸವಾಯಿತು. ಬಂಗಾರದ ಪೇಟೆಯಲ್ಲಿ ಒಬ್ಬ ಅಂಗಡಿಯವನು ನಮ್ಮ ಹೆಂಗಸರಿಗೆ ಬೊಗಸೆ ಅಗಲದ ಹಾರ ತೋರಿಸಿದ. ನಾನು, ಇದನ್ನು ಹಾಕಿಕೊಂಡು ರೊಟ್ಟಿ ತಟ್ಟಲು ಕೂತರೆ ಹಾರ ಹಿಟ್ಟಿನೊಳಗೆ ಬೀಳುತ್ತದೆ ಎಂದೆ. ಅವನು ಜೋರಾಗಿ ನಕ್ಕ. ನಾನೂ ನಕ್ಕೆ.

ಬಸ್ಸು ಹತ್ತಿದ ಮೇಲೆ ನಮ್ಮ ಮನೆಯವರು ತಗ್ಗಿದ ದನಿಯಲ್ಲಿ, "ಬಾಯಿ ಒಂದಿಷ್ಟು ಹಿಡಿತದಾಗ ಇಟ್ಕೊ. ಎಲ್ಲಾರೂ ನೋಡಾಕತ್ತಾರ" ಎಂದರು.

ನಾನು ಕಿಟಕಿಯ ಕಡೆ ತಿರುಗಿದೆ. ಸಿಟ್ಟು ಬಂದಿತ್ತು, ಜೊತೆಗೆ ಅವರ ಕಷ್ಟವೂ ಕಾಣುತ್ತಿತ್ತು. ಅಂಗಡಿಯಲ್ಲಿ ಅವರು ಕೂತರೆ ಮಂದಿ ಸುತ್ತ ನಿಲ್ಲುತ್ತಾರೆ. ಯಾವ ಬೀಜ ಹಾಕಲಿ, ಯಾವ ಔಷಧ ಹೊಡೆಯಲಿ ಎಂದು ಅವರ ಬಾಯಿ ನೋಡುತ್ತಾರೆ. ಇಲ್ಲಿ ಅವರ ಕಡೆ ಯಾರೂ ನೋಡುತ್ತಿರಲಿಲ್ಲ. ಓಡುವ ಮೆಟ್ಟಿಲಿನ ಮುಂದೆ ಕಾಲಿಡಲು ಹೆದರಿ ನಿಂತಾಗ ಹಿಂದಿನಿಂದ ಯಾರೋ ಇಂಗ್ಲಿಷಿನಲ್ಲಿ ಏನೋ ಅಂದುಕೊಂಡು ದಾಟಿ ಹೋಗಿದ್ದರು. ಆಗ ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದ್ದೆ.

ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಮರುದಿನ ಯಾರು ಏನು ಕೇಳು ಎಂದರೂ "ನನಗ ಗೊತ್ತಾಗೂದಿಲ್ರಿ" ಎಂದುಬಿಟ್ಟೆ.

ಆ ದಿನ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ ಹತ್ತಿಸಿದರು. ಲಿಫ್ಟಿನಲ್ಲಿ ಕಿವಿ ಮುಚ್ಚಿಕೊಂಡಿತು. ಮೇಲಿನಿಂದ ನೋಡಿದರೆ ರಸ್ತೆ, ಕಾರು, ಸಮುದ್ರ, ಅದರಾಚೆ ಬರೀ ಉಸುಕು. ಊರೆಲ್ಲ ಈಗಷ್ಟೇ ತೊಳೆದು ಒರೆಸಿಟ್ಟಂತೆ. ಚೆಂದವಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಚೆಂದವಿತ್ತು. ಒಂದೇ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಎಲ್ಲೂ ಒಂದು ಕಟ್ಟೆ ಇರಲಿಲ್ಲ. ನಮ್ಮಲ್ಲಿ ಅಂಗಡಿಯ ಮುಂದೆ, ಮನೆಯ ಮುಂದೆ, ಗುಡಿಯ ಮುಂದೆ ಎಲ್ಲಿ ಬೇಕಾದರೂ ಕೂಡಬಹುದು. ಇಲ್ಲಿ ಕೂಡಬೇಕೆಂದರೆ ಮೊದಲು ಒಂದು ಕಾಫಿ ಕೊಳ್ಳಬೇಕು. ಆ ಕಾಫಿಯ ಬೆಲೆ ಕೇಳಿದರೆ ನಿಂತಿರುವುದೇ ವಾಸಿ ಅನಿಸುತ್ತಿತ್ತು. ನಮ್ಮ ಗಂಡಸರು ಎಲ್ಲವನ್ನೂ ರೂಪಾಯಿಗೆ ಗುಣಿಸಿ ಗುಣಿಸಿ ಸುಸ್ತಾಗಿದ್ದರು.

ಕಟ್ಟಡ ಇಳಿದ ಮೇಲೆ ಪಕ್ಕದಲ್ಲೇ ಇದ್ದ ಮಾಲಿಗೆ ಬಿಟ್ಟರು. ಅದರೊಳಗೆ ಒಂದು ಮನೆಗಿಂತ ದೊಡ್ಡದಾದ ಗಾಜಿನ ಗೋಡೆ, ಅದರ ಹಿಂದೆ ಸಮುದ್ರದ ಮೀನುಗಳು. ಅಗಲವಾದ, ಚಪ್ಪಟೆಯಾದ ಒಂದು ಮೀನು ರೆಕ್ಕೆ ಬಡಿಯುತ್ತ ನಮ್ಮ ತಲೆಯ ಮೇಲೆ ಹಾದುಹೋಯಿತು. ನಮ್ಮ ಮನೆಯವರು ಬಾಯಿ ತೆರೆದು ನಿಂತರು.

"ಇದು ಈಜಾಕತ್ತಿಲ್ಲ. ಹಾರಾಕತ್ತದ" ಎಂದರು.

ದುಬೈಗೆ ಬಂದ ಮೇಲೆ ಅವರು ತಾವಾಗಿಯೇ ಖುಷಿಯಿಂದ ಆಡಿದ ಮೊದಲ ಮಾತು ಅದು. ಅದಕ್ಕೇ ನಾನು ಹೋಗೋಣ ಎನ್ನಲಿಲ್ಲ. ಆ ಮೀನು ಇನ್ನೊಂದು ಸುತ್ತು ಬರಲಿ ಎಂದು ಇಬ್ಬರೂ ನಿಂತೆವು. ಇನ್ನೊಂದು ಸುತ್ತು. ತಿರುಗಿ ನೋಡಿದರೆ ನಮ್ಮ ಗುಂಪಿನವರು ಒಬ್ಬರೂ ಇರಲಿಲ್ಲ.

"ನನಗ ದಾರಿ ಗೊತ್ತದ, ನಡಿ" ಎಂದರು.

ನಡೆದೆವು. ಒಂದು ಅತ್ತರಿನ ಅಂಗಡಿ ಬಂತು. ಆಮೇಲೆ ವಾಚುಗಳು, ಚಪ್ಪಲಿಗಳು, ಚೀಲಗಳು, ಮತ್ತೆ ಅದೇ ಅತ್ತರಿನ ಅಂಗಡಿ. ಫೋನಿಗೆ ಅಲ್ಲಿನ ಸಿಮ್ ಹಾಕಿಸಿರಲಿಲ್ಲ. ಹೋಟೆಲಿನಲ್ಲಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತಿತ್ತು. ಬಸ್ಸು ಹೊರಡುವ ಹೊತ್ತು ಆಗಲೇ ಮೀರಿತ್ತು.

"ಯಾರನ್ನರ ಕೇಳೂಣೇನ್ರಿ?" ಎಂದೆ.

"ಬ್ಯಾಡ."

ಒಂದು ಬಾಗಿಲಿನಿಂದ ಹೊರಗೆ ಬಿದ್ದೆವು. ನೆಲದಡಿಯ ಕಾರು ನಿಲ್ಲಿಸುವ ಜಾಗ. ಕಣ್ಣು ಹಾಯಿಸಿದಷ್ಟೂ ಕಾರುಗಳು. ಮತ್ತೆ ಒಳಗೆ ಬಂದೆವು. ಅಷ್ಟು ತಣ್ಣಗಿದ್ದರೂ ಅವರ ಕುತ್ತಿಗೆಯಲ್ಲಿ ಬೆವರು. ಕೊನೆಗೆ ಒಂದು ದೊಡ್ಡ ಗಿಡದ ಕುಂಡದ ಅಂಚಿನ ಮೇಲೆ ಕೂತು, ಹೊಸ ಬೂಟು ಬಿಚ್ಚಿ, ಪಾದ ಒತ್ತಿಕೊಂಡರು. ಹಾದು ಹೋಗುವವರು ಬೂಟು ಬಿಚ್ಚಿದ ಕಾಲನ್ನು ನೋಡಿ ಹೋಗುತ್ತಿದ್ದರು. ಅವರು ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ, "ನೀನ ಕೇಳು" ಎಂದರು.

ಅಷ್ಟು ಹೊತ್ತಿನಿಂದ ಮನಸ್ಸಿನಲ್ಲಿ ಅವರಿಗೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಆ ಕ್ಷಣಕ್ಕೆ ನನಗೆ ಬೇಡವಾದವು. "ಇಲ್ಲೇ ಕುಂತಿರ್ರಿ" ಎಂದು ಹೇಳಿ, ನೆಲ ಒರೆಸುತ್ತಿದ್ದ ಹೆಂಗಸೊಬ್ಬಳ ಹತ್ತಿರ ಹೋದೆ. ಬಸ್ಸು ನಿಲ್ಲುವ ಕಡೆ ಬಹಳ ದೂರವಾಯಿತು, ಅದು ಈಗಾಗಲೇ ಹೋಗಿರುತ್ತದೆ, ಈ ಬಾಗಿಲಿನ ಹೊರಗೇ ಟ್ಯಾಕ್ಸಿ ಸಿಗುತ್ತದೆ ಎಂದಳು. ಹೋಟೆಲಿನ ಹೆಸರಿದ್ದ ಕಾರ್ಡು ನನ್ನ ಪರ್ಸಿನಲ್ಲಿತ್ತು. ಬೂಟು ಹಾಕಿಕೊಂಡು ಅವರು ನನ್ನ ಹಿಂದೆ ಬಂದರು.

ಟ್ಯಾಕ್ಸಿಯವರು ವಯಸ್ಸಾದವರು. ಗಡ್ಡಕ್ಕೆ ಮೆಹಂದಿ ಹಚ್ಚಿದ್ದರು. ನಾನು ಕಾರ್ಡು ತೋರಿಸಿದೆ. ಮೊದಲು ಸಮುದ್ರದ ದಂಡೆಯಲ್ಲಿ ಒಂದು ಸುತ್ತು ತೋರಿಸಲೇ ಎಂದು ಅವರು ಕೇಳಿದಾಗ, "ನಕ್ಕೋ ಚಾಚಾ, ಸೀದಾ ಹೋಟೆಲಿಗೆ" ಎಂದು ನನ್ನ ಉರ್ದುವಿನಲ್ಲಿ ಹೇಳಿದೆ. ಬೇಡ ಎನ್ನುವುದಕ್ಕೆ ಸವಣೂರಿನಲ್ಲಿ ನಾವು ನಕ್ಕೋ ಎಂದೇ ಹೇಳುವುದು. ಅವರು ಗಾಡಿ ಬಿಡುವುದನ್ನು ಮರೆತು ಹಿಂದೆ ತಿರುಗಿದರು.

"ನಕ್ಕೋ! ಇದು ಯಾವ ಊರಿನ ಮಾತು ಮಗಳೇ? ಹೈದರಾಬಾದಾ?"

ಅಲ್ಲ, ಹುಬ್ಬಳ್ಳಿಯ ಹತ್ತಿರ ಸವಣೂರು ಎಂದೆ. ಅವರು ನಕ್ಕೋ, ನಕ್ಕೋ ಎಂದು ಬಾಯಿಯಲ್ಲೇ ರುಚಿ ನೋಡಿದಂತೆ ಎರಡು ಸಲ ಹೇಳಿ ನಕ್ಕು, ತಮ್ಮ ಊರನ್ನೂ ಹೇಳಿದರು. ನನಗೂ ನಗು ಬಂತು. ಕೂಡಲೇ ಪಕ್ಕಕ್ಕೆ ನೋಡಿದೆ.

"ಏನಂತಾರ?" ಎಂದರು ನಮ್ಮ ಮನೆಯವರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನನ್ನ ಮಾತು ಕೇಳಿ ನಗಾಕತ್ತಾರ. ಇವರದು ಮುಲ್ತಾನ್ ಅಂತ. ಪಾಕಿಸ್ತಾನ."

ನಮ್ಮ ಮನೆಯವರು ನೆಟ್ಟಗೆ ಕೂತರು. ಗಾಡಿ ದೊಡ್ಡ ರಸ್ತೆಗೆ ಸೇರಿತು. ಆಮೇಲೆ ಆ ಹಿರಿಯರೇ, ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು. ಬೀಜದ ಅಂಗಡಿ ಎಂದೆ. ಹಾಗಾದರೆ ನಮ್ಮವರೇ ಆದರಲ್ಲ ಎಂದರು. ಊರಲ್ಲಿ ಅವರ ತಮ್ಮಂದಿರು ಹತ್ತಿ ಬೆಳೆಯುತ್ತಾರಂತೆ.

"ಹತ್ತಿ ಬೆಳೀತಾರಂತ" ಎಂದೆ.

ನಮ್ಮ ಮನೆಯವರು ಮುಂದಿನ ಸೀಟನ್ನು ಹಿಡಿದುಕೊಂಡು ಬಾಗಿದರು. "ಹತ್ತಿ? ಹುಳ ಹೆಂಗ ಐತಿ ಕೇಳು."

"ಯಾವ ಹುಳಾರಿ?"

"ಕಾಯಿ ಒಳಗ ಇರ್ತದಲ್ಲ, ಗುಲಾಬಿ ಬಣ್ಣದ್ದು. ಕೇಳು, ಕೇಳು."

ಕಾಯಿಯ ಒಳಗಿನ ಗುಲಾಬಿ ಹುಳ ಎಂದು ನನಗೆ ತಿಳಿದಂತೆ ಹೇಳಿದೆ. ಹಿರಿಯರು ಸ್ಟೇರಿಂಗಿಗೆ ಅಂಗೈ ಬಡಿದು, "ಗುಲಾಬೀ ಸುಂಡೀ!" ಎಂದು ಕೂಗಿದರು. ಎರಡೂ ಕಡೆ ಅದೇ ಹುಳ, ಅದೇ ಗುಲಾಬಿ. ಆಮೇಲೆ ಅವರಿಬ್ಬರೂ ನನ್ನನ್ನು ಬಿಡಲಿಲ್ಲ. ಕಾಯಿ ಹೊರಗಿನಿಂದ ಚೆನ್ನಾಗಿ ಕಾಣುತ್ತದೆ, ಒಡೆದರೆ ಒಳಗೆ ಎಲ್ಲ ತಿಂದಿರುತ್ತದೆ ಎಂದು ಹಿರಿಯರು. ಹೌದು, ಹೊರಗೆ ಕಂಡಾಗ ಹೊತ್ತು ಮೀರಿರುತ್ತದೆ ಎಂದು ಇವರು. ಹತ್ತಿ ಬಿಡಿಸಿದ ಮೇಲೆ ಒಣಗಿದ ಗಿಡದ ಕಟಿಗೆಯನ್ನು ಹೊಲದಲ್ಲಿ ಬಿಡುತ್ತಾರೋ ಕೇಳು. ಬಿಡುತ್ತಾರಂತೆ, ಒಲೆಗೆ ಬೇಕಂತೆ. "ಅದ ತಪ್ಪು! ಹುಳ ಅದರಾಗ ಕುಂತು ಮುಂದಿನ ಬೆಳಿಗೆ ಬರ್ತದ. ಹೊಲದಾಗ ಇಡಬ್ಯಾಡ ಅನ್ನು."

ಹೇಳಿದೆ. ಆಮೇಲೆ ಹುಳ ಹಿಡಿಯಲು ಹೊಲದಲ್ಲಿ ಕಟ್ಟುವ ಬಲೆಯ ಮಾತು ಬಂತು.

"ಅದರಾಗ ಹೆಣ್ಣು ಹುಳದ ವಾಸನಿ ಇರ್ತದ. ಗಂಡು ಹುಳ ಹೆಣ್ಣು ಐತಿ ಅಂತ ತಿಳಕೊಂಡು ಬಂದು ಬೀಳ್ತಾವ. ಹೇಳು."

"ಇದನ್ನೂ ಹೇಳಬೇಕೇನ್ರಿ?"

"ಮತ್ತ? ಅದ ಮುಖ್ಯ!"

ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದೆ. ಹಿರಿಯರು ನಗದೆ, ಗಂಭೀರವಾಗಿ ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ಅವರು ತಿರುಗಬೇಕಾದ ದಾರಿ ಹಿಂದೆ ಉಳಿದುಬಿಟ್ಟಿತ್ತು. ಇನ್ನು ಬಹಳ ಮುಂದೆ ಹೋಗಿ ಸುತ್ತಿ ಬರಬೇಕು, ತಪ್ಪಾಯಿತು ಎಂದರು. ನಾನು ಕನ್ನಡದಲ್ಲಿ ಹೇಳಿದೆ. ನೀರಿನ ಬಾಟಲಿಗೂ ಲೆಕ್ಕ ಹಾಕುತ್ತಿದ್ದ ನಮ್ಮ ಮನೆಯವರು ಮೀಟರಿನ ಕಡೆ ನೋಡಲೇ ಇಲ್ಲ. "ಸುತ್ತಲಿ ಬಿಡು. ಅವರ ಕಡೆ ನೀರು ಹೆಂಗ, ಕಾಲುವಿ ಐತೇನು ಕೇಳು" ಎಂದರು.

ಎರಡೂ ಕಡೆ ಗಾಜಿನ ಕಟ್ಟಡಗಳು ಬಿಸಿಲಿಗೆ ಹೊಳೆಯುತ್ತ ಹಿಂದೆ ಸರಿಯುತ್ತಿದ್ದವು. ನಾವು ಮೂವರೂ ಅವನ್ನು ನೋಡಲಿಲ್ಲ. ಇಪ್ಪತ್ತು ವರ್ಷ ಬೀಜದ ಅಂಗಡಿಯವರ ಮನೆಯಲ್ಲಿ ಅನ್ನ ಉಂಡವಳು ನಾನು. ಅವರ ಅಂಗಿ ತೊಳೆಯುವಾಗ ಔಷಧದ ವಾಸನೆ ಬರುತ್ತಿತ್ತು, ಅಷ್ಟೇ ನನಗೆ ಗೊತ್ತಿದ್ದ ಅಂಗಡಿ. ಅವರಿಗೆ ಇಷ್ಟು ಗೊತ್ತಿದೆ ಎಂಬುದು ಅವರ ಮಾತನ್ನು ನನ್ನ ಬಾಯಿಯಲ್ಲಿ ಆಡಿದಾಗಲೇ ನನಗೆ ತಿಳಿದದ್ದು.

ಹೋಟೆಲಿನ ಮುಂದೆ ಇಳಿದಾಗ ನಮ್ಮ ಮನೆಯವರು ಆ ಹಿರಿಯರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಬರ್ತೇನ್ರಿ" ಎಂದರು. ಅದನ್ನು ನಾನು ಉರ್ದುವಿನಲ್ಲಿ ಹೇಳಬೇಕಾಗಲಿಲ್ಲ.

ಒಳಗೆ ಗುಂಪಿನವರೆಲ್ಲ ಗಾಬರಿಯಾಗಿ ಕಾಯುತ್ತಿದ್ದರು. ಬಂಕಾಪುರದ ಅಂಗಡಿಯವರು, "ಎಲ್ಲಿ ಹೋಗಿದ್ರಿ ಯಜಮಾನ್ರ? ಪೊಲೀಸರಿಗೆ ಹೇಳಾಕ ಹೊಂಟಿದ್ವಿ" ಎಂದರು. "ಮೀನು ನೋಡ್ಕೋತ ನಿಂತ್ವಿ, ಟ್ಯಾಕ್ಸಿ ಹಿಡದು ಬಂದ್ವಿ" ಎಂದಷ್ಟೇ ಹೇಳಿ ಅವರು ಲಿಫ್ಟಿನ ಕಡೆ ನಡೆದರು. ದಾರಿ ಕೇಳಿದ್ದು ಯಾರು ಎಂದು ಹೇಳಲಿಲ್ಲ. ಸ್ವಲ್ಪ ಚುಚ್ಚಿತು.

ಕೋಣೆಗೆ ಬಂದ ಮೇಲೆ ಅವರು ಟಿವಿ ಹಚ್ಚಲಿಲ್ಲ. ಹಾಸಿಗೆಯ ಅಂಚಿಗೆ ಕೂತು, "ಯಾರು ಕಲಿಸಿದ್ರು ನಿನಗ ಅದನ್ನ?" ಎಂದು ಕೇಳಿದರು.

ಹೇಳಿದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ ಇದ್ದದ್ದು. ಆ ಮನೆಯವರಿಗೆ ವೀಳ್ಯದೆಲೆಯ ತೋಟ ಇದ್ದದ್ದು. ಸಂಜೆ ಎಲೆ ಬಂದು ಬಿದ್ದರೆ ಖಾಲಾ, ಅಂದರೆ ಆ ಮನೆಯ ಯಜಮಾನಿ, ಓಣಿಯ ಹುಡುಗಿಯರನ್ನೆಲ್ಲ ಕೂಡಿಸಿಕೊಂಡು ಒದ್ದೆ ಬಟ್ಟೆಯ ಮೇಲೆ ಎಲೆ ಒರೆಸಿ ಜೋಡಿಸುವ ಕೆಲಸ ಹಚ್ಚುತ್ತಿದ್ದದ್ದು. ಎಲೆ ಹರಿದರೆ ಬೈಗುಳ ಉರ್ದುವಿನಲ್ಲಿ, ಕೆಲಸ ಮುಗಿದ ಮೇಲೆ ಕೈಗೆ ಬೆಲ್ಲ ಹಾಕುವಾಗ ಮುದ್ದೂ ಉರ್ದುವಿನಲ್ಲಿ. ಖಾಲಾನ ಮಗಳು ನನ್ನ ಗೆಳತಿ. ನಾವಿಬ್ಬರೂ ಜಗಳವಾಡುವಾಗ ನಾನು ಅವಳ ಭಾಷೆಯಲ್ಲಿ ಬೈಯುತ್ತಿದ್ದೆ, ಅವಳು ನನ್ನ ಭಾಷೆಯಲ್ಲಿ.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ."

ಅವರು ಒಪ್ಪಿಕೊಂಡವರಂತೆ ತಲೆ ಆಡಿಸಿದರು. ಆಮೇಲೆ ನಾನೂ ಒಂದು ಕೇಳಿದೆ. "ಆ ಗುಲಾಬಿ ಹುಳ ಅಂದ್ರ ಹೆಂಗಿರ್ತದ್ರಿ?"

ಅವರು ಫೋನು ತೆಗೆದರು. ಮನೆಯಲ್ಲಿ ಊಟದ ಹೊತ್ತಿನಲ್ಲೂ ಆ ಫೋನಿನಲ್ಲಿ ಏನು ನೋಡುತ್ತಾರೆ ಎಂದು ನನಗೆ ಬಹಳ ಸಲ ಅನಿಸಿತ್ತು. ಒಂದು ಸಲ ಬೇರೆ ಏನೇನೋ ಸಂಶಯವೂ ಬಂದಿತ್ತು. ಈಗ ನೋಡಿದರೆ ಅದರ ತುಂಬ ಎಲೆಗಳು. ಸುರುಟಿದ ಮೆಣಸಿನ ಎಲೆ, ಚುಕ್ಕೆ ಬಿದ್ದ ಭತ್ತದ ಎಲೆ, ತೂತಾದ ಗೋವಿನಜೋಳದ ಸುಳಿ, ಯಾರದೋ ಮಣ್ಣಾದ ಅಂಗೈಯ ಮೇಲೆ ಒಡೆದಿಟ್ಟ ಹತ್ತಿಕಾಯಿ. ಹತ್ತಿಮತ್ತೂರಿನವರು ಒಬ್ಬರು, ಆಡೂರಿನವರು ಒಬ್ಬರು, ಎಲ್ಲೆಲ್ಲಿಂದಲೋ ರೈತರು ಕಳಿಸಿದವು. ಒಂದೊಂದಕ್ಕೂ ಇವರು ಉತ್ತರ ಬರೆದಿದ್ದರು. ಅಕ್ಕಿ ಕಾಳಿನಷ್ಟು ಸಣ್ಣ ಹುಳವನ್ನು ಬೆರಳಿನಿಂದ ದೊಡ್ಡದು ಮಾಡಿ ನನಗೆ ತೋರಿಸಿದರು. ನಿಜಕ್ಕೂ ಗುಲಾಬಿ ಬಣ್ಣ, ಚೆಂದದ ಬಣ್ಣ. ಊಟಕ್ಕೆ ಕರೆಯುವವರೆಗೂ ಆ ಕೋಣೆಯಲ್ಲಿ, ದೊಡ್ಡ ಕಿಟಕಿಯ ಕಡೆ ಬೆನ್ನು ಮಾಡಿ ಕೂತು, ನಾವಿಬ್ಬರೂ ರೋಗ ಬಿದ್ದ ಎಲೆಗಳನ್ನು ನೋಡಿದೆವು.

ಊರಿಗೆ ಬಂದ ಮೇಲೆ ಎಲ್ಲ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಮನೆ ತುಂಬ ಮಂದಿ, ಒಲೆಯ ಮುಂದೆ ಕೆಲಸ, ಮೊದಲಿನಂತೆಯೇ. ಅತ್ತೆ ಕೇಳಿದಾಗ ಅವರು ಎತ್ತರದ ಕಟ್ಟಡ, ಹಾರುವ ಮೀನು ಎಲ್ಲ ವರ್ಣಿಸಿ ಹೇಳಿದರು. ಟ್ಯಾಕ್ಸಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದನ್ನು ನಮ್ಮಿಬ್ಬರ ನಡುವೆಯೇ ಇಟ್ಟುಕೊಳ್ಳಬೇಕು ಅನಿಸಿತು. ನಮ್ಮಿಬ್ಬರದೇ ಎನ್ನುವಂಥದ್ದು ಅಲ್ಲಿಯವರೆಗೆ ಹೆಚ್ಚೇನೂ ಇರಲಿಲ್ಲ. ಅಂಗಡಿಯಿಂದ ಬಂದು ಕೈಕಾಲು ತೊಳೆಯುವಾಗ "ಇವತ್ತು ಏನು ಬಂದಿತ್ರಿ?" ಎಂದು ನಾನು ಕೇಳುತ್ತಿದ್ದೆ. ಒಂದೊಂದು ದಿನ ಹೇಳುತ್ತಿದ್ದರು. ಒಂದೊಂದು ದಿನ "ಏನಿಲ್ಲ, ಊಟಕ್ಕ ಹಾಕು" ಎನ್ನುತ್ತಿದ್ದರು.

ಈ ಮುಂಗಾರಿಗೆ, ಅಂಗಡಿಯ ಲೆಕ್ಕ ನೋಡುತ್ತಿದ್ದ ಮೈದುನ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಬಿತ್ತನೆಯ ಹೊತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬರು ಬೇಕಾಗಿತ್ತು. ಅಡಿಗೆಯನ್ನು ನೆಗೆಣ್ಣಿಗೆ ಬಿಟ್ಟು ನಾನು ಹೋಗಿ ಕೂತೆ. ಮೊದಮೊದಲು ಚೀಲದ ಲೆಕ್ಕ ಬರೆದುಕೊಳ್ಳುವುದಷ್ಟೇ. ಒಂದು ದಿನ ನಮ್ಮ ಮನೆಯವರು ಗೋದಾಮಿಗೆ ಹೋಗಿದ್ದಾಗ ವಯಸ್ಸಾದ ರೈತರೊಬ್ಬರು ಬಂದು, ನನ್ನನ್ನೂ ಖಾಲಿ ಕುರ್ಚಿಯನ್ನೂ ನೋಡಿ, "ಮಾಲಕರು ಎಲ್ಲ್ಯದಾರ?" ಎಂದರು.

"ಬರ್ತಾರ. ಏನಾಗೇತಿ ನನಗ ಹೇಳ್ರಿ."

ಹೇಳಲೋ ಬೇಡವೋ ಎನ್ನುತ್ತ ಅವರು ಚೀಲದಿಂದ ಗೋವಿನಜೋಳದ ಸಣ್ಣ ಗಿಡವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎಲೆಯ ಮೇಲೆ ತೂತುಗಳು, ಸುಳಿ ಒಣಗಿತ್ತು. ನಾನು ತಿರುಗಿಸಿ ನೋಡಿ, ಬಹಳ ಧೈರ್ಯದಿಂದ, "ಇದು ಸೈನಿಕ ಹುಳ" ಎಂದೆ.

ಅದೇ ಹೊತ್ತಿಗೆ ಬಂದ ನಮ್ಮ ಮನೆಯವರು ಗಿಡವನ್ನು ನನ್ನ ಕೈಯಿಂದ ತಗೊಂಡು ನೋಡಿ, "ಅಲ್ಲ" ಎಂದರು, ನಿಂತಿದ್ದ ಎಲ್ಲರ ಮುಂದೆ. "ತೂತು ನೋಡು, ಹೆಂಗ ಸಾಲಾಗಿ ಅದಾವ. ಸೈನಿಕ ಹುಳ ತಿಂದ್ರ ಎಲಿ ಹರಕಾಗ್ತದ, ಸುಳಿಯಾಗ ಹೊಟ್ಟಿನಂಗ ಹಿಕ್ಕಿ ಬಿದ್ದಿರ್ತದ. ಇದು ಕಾಂಡ ಕೊರಿಯೂ ಹುಳ. ಈಗ ಸುಳಿ ಎಳಿ ನೋಡೂಣು."

ಎಳೆದೆ. ಸುಳಿ ಕಿತ್ತು ಕೈಗೆ ಬಂತು. ಬುಡ ಕೊಳೆತು ಕೆಟ್ಟ ವಾಸನೆ.

"ಹಿಂಗ್ಯಾಕ ಬಂತು ಹೇಳು ನೋಡೂಣು?"

"ಒಳಗ ತಿಂದೈತಿ. ಅದಕ್ಕ ಹಿಡಿತ ಇಲ್ಲ."

"ಹಾಂ. ಈಗ ಕಾಂಡ ಸೀಳು. ಉದ್ದಕ್ಕ ಸೀಳು, ಅಡ್ಡ ಅಲ್ಲ."

ಸೀಳಲು ಚಾಕು ಹುಡುಕುತ್ತಿದ್ದೆ. ಅಷ್ಟು ಹೊತ್ತು ತಾಳ್ಮೆಯಿಂದ ನಿಂತಿದ್ದ ಆ ರೈತರು ಟೋಪಿ ತೆಗೆದು ತಲೆ ಕೆರೆದುಕೊಂಡು ಹೇಳಿದರು, "ಮದ್ಲ ನನಗ ಔಷಧ ಕೊಟ್ಟು ಕಳಸ್ರಿ ಮಾಲಕರ. ಬಸ್ ಹೋಗ್ತದ. ಆಮ್ಯಾಲೆ ನೀವು ಗಂಡ ಹೆಂಡ್ತಿ ಕುಂತು ಸಾಲಿ ನಡಸ್ರಿ."